ಹೂತಿಟ್ಟ ಕಾಯಿ

ಗೂಟಗಳಿಗೆ ಕೆಂಪು ಬಣ್ಣ ಬಳಿದವನು ತಾನೇ. ಆದರೂ ಬೆಳಿಗ್ಗೆ ದಂಡೆಗೆ ಬಂದಾಗಲೆಲ್ಲ ಒಗ್ವೆನೊಗೆ ಅವನ್ನು ಬೇರೆ ಯಾರೋ ತನಗೆ ಹೇಳದೆ ನೆಟ್ಟುಹೋದಂತೆ ಅನಿಸುತ್ತಿತ್ತು. ದೋಣಿ ಎಳೆದು ನಿಲ್ಲಿಸುವ ಜಾಗದಿಂದ ಹಿಡಿದು ಹಳೇ ಬಾವಿಯವರೆಗೆ ಸಾಲಾಗಿ ನಿಂತ ಗೂಟಗಳು. ಗೂಟದಿಂದ ಆಚೆ, ನೀರಿನ ಕಡೆ, ಮನೆ ಇರಬಾರದು, ಕೊಟ್ಟಿಗೆ ಇರಬಾರದು, ಕಕ್ಕಸು ಇರಬಾರದು. ಜೊಂಡು ಮಾತ್ರ ಇರಬೇಕು. ಸರೋವರ ಏರಿಬಂದ ವರ್ಷ ಅದು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಜೋಳದ ಹೊಲ ನುಂಗಿತು, ಮೀನು ತೂಗುವ ಚಪ್ಪರ ನುಂಗಿತು, ಚರ್ಚಿನ ಮೆಟ್ಟಿಲವರೆಗೆ ಬಂದು ಅಲ್ಲಿ ಅಂತರಗಂಗೆಯ ರಾಶಿ ಬಿಟ್ಟಿತು. ಆಮೇಲೆ ಅರ್ಧ ಹಿಂದಕ್ಕೆ ಸರಿದು, ಉಳಿದರ್ಧ ಹಬ್ಬಕ್ಕೆ ಬಂದ ನೆಂಟ ಹೊರಡುವುದನ್ನೇ ಮರೆತ ಹಾಗೆ ಅಲ್ಲೇ ಕುಳಿತುಬಿಟ್ಟಿತು. ಅಜ್ಜನ ಕಾಲದಲ್ಲಿ ಈ ದಂಡೆಯ ಉದ್ದಕ್ಕೂ ಜೊಂಡು ಆಳೆತ್ತರ ಬೆಳೆದಿತ್ತಂತೆ, ಅಲೆ ಅದರೊಳಗೆ ಹೊಕ್ಕು ಸುಸ್ತಾಗಿ ಮಲಗುತ್ತಿತ್ತಂತೆ. ಅದನ್ನು ಕೊಯ್ದು ಚಾಪೆ ಹೆಣೆದವರು, ಸುಟ್ಟು ಸೊಪ್ಪು ಬೆಳೆದವರು, ದೋಣಿಗೆ ದಾರಿ ಬೇಕೆಂದು ಬೋಳಿಸಿದವರು ಈ ಊರಿನವರೇ. ಈಗ ಅದೇ ಜೊಂಡಿನ ಗಡ್ಡೆಯನ್ನು ಹೊಳೆಯ ಬಾಯಿಂದ ಅಗೆದು ಹೊತ್ತು ತಂದು ಒಂದೊಂದಾಗಿ ನೆಡಬೇಕು. ಮಾಡಿದ್ದುಣ್ಣೋ ಮಹರಾಯ.

ಗೂಟದಾಚೆಯ ಮನೆಯವರೆಲ್ಲ ಎದ್ದುಹೋಗಿದ್ದರು. ಬೈದು, ಶಾಪ ಹಾಕಿ, ತಗಡು ಬಿಚ್ಚಿಕೊಂಡು ಗುಡ್ಡದ ಬುಡಕ್ಕೆ ಹೋಗಿ ಹೊಸ ಮನೆ ಕಟ್ಟಿಕೊಂಡಿದ್ದರು. ಒಂದು ಮನೆ ಉಳಿದಿತ್ತು. ಅದು ಒಗ್ವೆನೊನ ಅತ್ತಿಗೆ, ಸತ್ತ ಅಣ್ಣನ ಹೆಂಡತಿ ಅಪೊಂದಿಯದು. ಆ ಮನೆಯ ಎರಡೂ ಕಡೆ ನೆಟ್ಟ ಜೊಂಡು ಚಿಗುರಿ ಮೊಣಕಾಲೆತ್ತರ ಬಂದಿತ್ತು. ನಡುವೆ ಅವಳ ಅಂಗಳದಗಲಕ್ಕೆ ಬೋಳು. ಗಾಳಿ ಎದ್ದರೆ ಅಲೆ ಆ ಸಂದಿಯಿಂದಲೇ ನುಗ್ಗಿ ಹಿಂದಿನ ಹೊಲಗಳಿಗೂ ಹೊಸ ಬಾವಿಗೂ ಹೋಗುತ್ತಿತ್ತು. ದೊಡ್ಡ ಮಳೆ ಇನ್ನೇನು ಬರುವುದರಲ್ಲಿತ್ತು. ದಂಡೆಯ ವ್ಯವಹಾರ ನೋಡಿಕೊಳ್ಳುವ ಬೀಚ್ ಕಮಿಟಿಯ ಸೆಕ್ರೆಟರಿಯಾಗಿ, ಮೇಲಾಗಿ ಮೈದುನನಾಗಿ, ಅವಳನ್ನು ಒಪ್ಪಿಸುವ ಕೆಲಸ ಒಗ್ವೆನೊನದು. ಹೋದ ಮಳೆಗಾಲದಿಂದ ಅವನು ಒಪ್ಪಿಸುತ್ತಲೇ ಇದ್ದ. ಅಂದರೆ ಅವಳ ಮನೆಗೆ ಹೋಗಿ, ಅಂಬಲಿ ಕುಡಿದು, ಬೇರೇನೋ ಮಾತಾಡಿ ಬರುತ್ತಿದ್ದ.

ಹೆಂಗಸರು ಒದ್ದೆ ಗೋಣಿಚೀಲಗಳ ಸುತ್ತ ಕೆಲಸವಿಲ್ಲದೆ ಕುಳಿತಿದ್ದರು. ಅವರಲ್ಲಿ ಅವನ ಹೆಂಡತಿ ಯೂನಿಯಾಳೂ ಇದ್ದಳು. ಅವಳು ಅವನ ಕಡೆ ನೋಡಲಿಲ್ಲ.

"ಸೆಕ್ರೆಟ್ರಿ ಸಾಹೇಬ್ರು ಬಂದ್ರು, ದಾರಿ ಬಿಡ್ರೇ," ಎಂದಳು ರಿಸ್ಪಾ, ಕೆಸರುಗಾಲು ಚಾಚಿಕೊಂಡೇ. ಅವಳ ಬಾಯಿಗೆ ಇಡೀ ದಂಡೆಯೇ ಹೆದರುತ್ತಿತ್ತು. "ಗಡ್ಡೆ ಒಣಗ್ತಾ ಇವೆ ಸ್ವಾಮಿ. ಇನ್ನೊಂದೆರಡು ದಿನ ಬಿಟ್ರೆ ಇವನ್ನ ನೆಡೋದಲ್ಲ, ಒಲೆಗೆ ಇಡೋದು."

"ನೀರು ಚಿಮುಕಿಸ್ತಾ ಇರಿ."

"ನೀರಿಗೇನು ಬರ! ಇಡೀ ಸರೋವರಾನೇ ನಮ್ಮ ಜೋಳದ ಹೊಲದಲ್ಲಿ ಬಂದು ಕೂತಿದೆ." ಹೆಂಗಸರು ನಕ್ಕರು. "ಅತ್ತಿಗೇನ ಒಪ್ಸೋಕಾಗ್ದೋರು ಸರೋವರಾನ ಒಪ್ಸೋಕೆ ಹೊರಟವ್ರೆ."

"ಅವಳೇನು ಕಮ್ಮಿಯೇ," ಎಂದಳು ಇನ್ನೊಬ್ಬಳು. "ಗಂಡ ಅಂಗಳದಲ್ಲೇ ಎದ್ದು ನಿಂತವ್ನೆ, ಎಲೆ ಬಿಟ್ಕೊಂಡು ನೆರಳು ಕೊಟ್ಕೊಂಡು. ನಮ್ಮನೇದು ನೋಡು, ಉಸಿರಾಡ್ತಾ ಇದ್ರೂ ಅಷ್ಟು ಉಪಯೋಗ ಇಲ್ಲ."

ಮತ್ತೆ ನಗು. ಯೂನಿಯಾ ನಗಲಿಲ್ಲ. ಒಗ್ವೆನೊ ತಾನೂ ನಗಬೇಕೆಂದು ಬಾಯಿ ತೆರೆದ, ನಗು ಬರಲಿಲ್ಲ. ತೆರೆದ ಬಾಯಿಂದ ಏನಾದರೂ ಬರಲೆಂದು "ನಾಳೆ ಬುಲ್ಡೋಜರ್ ಬರುತ್ತೆ" ಎಂದುಬಿಟ್ಟ. ನಗು ನಿಂತಿತು. ರಿಸ್ಪಾ ಅದನ್ನೇ ದಂಡೆಗೆಲ್ಲ ಕೇಳುವಂತೆ ಕೂಗಿದಳು. ಹೇಳಬಾರದಿತ್ತು. ಇದನ್ನು ಮೊದಲು ಅಪೊಂದಿಗೆ ಹೇಳಬೇಕಿತ್ತು, ಊರಿಗಲ್ಲ. ಯಾವುದನ್ನು ಯಾರಿಗೆ ಮೊದಲು ಹೇಳಬೇಕು ಎನ್ನುವುದರಲ್ಲಿ ಅವನು ಜೀವಮಾನವಿಡೀ ತಪ್ಪಿದವನು.

ಹಿಂದಿನ ದಿನ ಮಿಸ್ ಚೆಲಗತ್ ಫೋನು ಮಾಡಿದ್ದಳು. ಸರ್ಕಾರದ ದಂಡೆ ಯೋಜನೆಯ ಆಫೀಸರು, ಬೆಟ್ಟದ ಸೀಮೆಯ ಹುಡುಗಿ, ಅವನ ಮಗಳು ಡೋರ್ಕಾಳ ವಯಸ್ಸಿನವಳು. ಕೆಟ್ಟವಳಲ್ಲ. ಕೆಸರಿಗೆ ಇಳಿದು ತಾನೂ ಗಡ್ಡೆ ನೆಟ್ಟವಳು. ಅವಳು ಬೈದಿದ್ದರೆ ಸುಲಭವಾಗುತ್ತಿತ್ತು. ಆದರೆ ಅವಳು ಕಿವಿ ಮಂದವಾದ ಮುದುಕನಿಗೆ ಹೇಳುವಂತೆ ನಿಧಾನವಾಗಿ ಹೇಳುತ್ತಿದ್ದಳು. "ಮಿಸ್ಟರ್ ಒಗ್ವೆನೊ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಮಷೀನು ನಮಗೆ ಸಿಗೋದು ನಾಳಿದ್ದು ಒಂದೇ ದಿನ. ಆಮೇಲೆ ಅದು ಬೇರೆ ಜಿಲ್ಲೆಗೆ ಹೋಗುತ್ತೆ. ಬದು ಹಾಕ್ಬೇಕಾಗಿರೋದು ಸರಿಯಾಗಿ ನಿಮ್ಮ ಅತ್ತಿಗೆ ಅಂಗಳದ ಆ ಮರ ಇರೋ ಜಾಗದಲ್ಲೇ. ಒಂದು ಮರ ತಾನೇ? ಬೇರೆ ಕಡೆ ಹತ್ತು ನೆಡೋಣ." "ನೆಡಬಹುದು ಮೇಡಂ," ಎಂದಿದ್ದ. ಅದು ಮರವಲ್ಲ, ಅದು ಅಣ್ಣ ಎಂದು ಹೇಳಲು ಆಫೀಸಿನ ಭಾಷೆಯಲ್ಲಿ ಮಾತಿರಲಿಲ್ಲ. ಇದ್ದಿದ್ದರೂ ಅವನು ಹೇಳುತ್ತಿರಲಿಲ್ಲ. ಅದು ಅಣ್ಣ ಹೌದೋ ಅಲ್ಲವೋ ಎಂಬುದೇ ಅಲ್ಲವೇ ಇಷ್ಟು ವರ್ಷ ಅವನನ್ನು ತಿಂದದ್ದು.

ಅಪೊಂದಿಯ ಮನೆಗೆ ಹೋಗುವ ದಾರಿ ಮೊದಲು ದಂಡೆಯ ಗುಂಟ ನೆಟ್ಟಗಿತ್ತು. ಈಗ ನೀರು ತಿಂದು ತಿಂದು ಅದು ವಕ್ರವಾಗಿ, ಒಣಗಿದ ಕಳ್ಳಿಬೇಲಿಗಳನ್ನು ಸುತ್ತಿಕೊಂಡು ಹೋಗುತ್ತದೆ. ಒಗ್ವೆನೊ ನಿಧಾನವಾಗಿ ನಡೆದ. ಬೇಗ ತಲುಪಿದರೆ ಬೇಗ ಹೇಳಬೇಕಾಗುತ್ತದೆ. ಬಲೆ ಒಣಹಾಕಿದ ಕಡೆ ಸಣ್ಣ ಮೀನಿನ ವಾಸನೆ ಬಂದಿತು, ಆ ವಾಸನೆ ಇಲ್ಲದ ದಿನಗಳು ನೆನಪಾದವು. ಅಣ್ಣ ಒಬುಯಾನ ದೋಣಿ ಮಗುಚಿದಾಗ ಜೊತೆಯಲ್ಲಿದ್ದ ಇಬ್ಬರು ಡಬ್ಬ ಹಿಡಿದು ತೇಲಿ ಬಂದರು, ಅವನು ಬರಲಿಲ್ಲ. ನೀರು ತನ್ನೊಳಗೆ ಒಬ್ಬನನ್ನು ಇಟ್ಟುಕೊಂಡಿರುವಾಗ ಆ ನೀರಿಂದ ಮೀನು ತೆಗೆಯುವಂತಿಲ್ಲ. ಅದು ಹೆಣದ ಬಾಯಿಯ ತುತ್ತು ಕಿತ್ತು ತಿಂದಂತೆ. ಹಾಗಾಗಿ ಈ ಊರು ಲ್ವಾಂಡದ ದೋಣಿಗಳೆಲ್ಲ ಹುಡುಕಲು ಹೋದವು, ಹುಡುಕಿ ಬಂದು ದಂಡೆಯಲ್ಲಿ ಮಗುಚಿ ಬಿದ್ದುಕೊಂಡವು. ಮಂಜುಗಡ್ಡೆಯ ಲಾರಿ ಬಂದು ಹಾಗೇ ಹಿಂದಿರುಗಿತು. ಎರಡನೆಯ ದಿನ ಒಲೆಗಳು ತಣ್ಣಗಾದವು. ಮೂರನೆಯ ದಿನ ಮಕ್ಕಳು ಅತ್ತವು. ನೀರು ತಾನಾಗಿ ಮರಳಿ ಕೊಡುವವರೆಗೆ ಕಾಯುವುದು ಪದ್ಧತಿ. ಕೊಡದಿದ್ದರೆ, ಇನ್ನು ಕೊಡುವುದಿಲ್ಲವೆಂದು ಮನೆಯವರಿಗೆ ಮನದಟ್ಟಾದರೆ, ಆನೆತೊರಡಿನ ಮರದಿಂದ ಒನಕೆಯಂಥ ಒಂದು ಕಾಯಿ ತಂದು, ಅವನ ಬಟ್ಟೆಯಲ್ಲಿ ಸುತ್ತಿ, ಅವನ ಹೆಸರಿಟ್ಟು ಅತ್ತು, ಅವನದೇ ಅಂಗಳದಲ್ಲಿ ಮಣ್ಣು ಮಾಡುವುದು. ಕಾಯಿ ಮಣ್ಣಿಗೆ ಹೋಯಿತೆಂದರೆ ಮನುಷ್ಯ ಮಣ್ಣಿಗೆ ಹೋದ. ಆಮೇಲೆ ದೋಣಿ ಇಳಿಸಬಹುದು.

ಎಷ್ಟು ಕಾಯಬೇಕೆಂದು ಯಾರೂ ಬರೆದಿಟ್ಟಿಲ್ಲ. ಹೇಳಬೇಕಾದವನು ಸತ್ತವನ ತಮ್ಮ. ಮೂರನೆಯ ದಿನ ಮಧ್ಯಾಹ್ನ ಗಂಡಸರು ದಂಡೆಯ ಮರಳಿನಲ್ಲಿ ಕುಳಿತಿದ್ದರು. ಒಬ್ಬ ಕಡ್ಡಿಯಿಂದ ಮರಳು ಕೆದಕುತ್ತಿದ್ದ, ಇನ್ನೊಬ್ಬ ಕೆಮ್ಮಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಎದ್ದ. ಎದ್ದು ಗುಡ್ಡದ ಮೇಲಿನ ಚರ್ಚಿನ ಹಿಂದೆ ಇರುವ ಹಳೇ ಆನೆತೊರಡಿನ ಮರದ ಕಡೆ ನಡೆದ. ಅಪೊಂದಿಯನ್ನು ಕೇಳಲಿಲ್ಲ. ಕಾಯಿ ಹೊತ್ತು ಬಂದಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ನೋಡಿದಳು, ಒಳಗೆ ಹೋಗಿ ಒಬುಯಾ ಚರ್ಚಿಗೆ ಹಾಕುತ್ತಿದ್ದ ಬಿಳಿ ಅಂಗಿ ತಂದುಕೊಟ್ಟಳು. ಮಾರನೆಯ ದಿನ ದೋಣಿಗಳು ನೀರಿಗಿಳಿದವು. ಊರು ಉಂಡಿತು, ಅವನೂ ಉಂಡ. ಜಿಲೇಬಿ ಮೀನಿನ ಸಾರು, ಬಿಸಿ ಮುದ್ದೆ. ಅಷ್ಟು ರುಚಿಯಾದ ಊಟ ಅವನು ಆಮೇಲೆ ಎಂದೂ ಉಂಡಿಲ್ಲ, ಅದೂ ನೆನಪಿದೆ.

ಅದಾದ ಮರುದಿನ ಎದುರು ದಂಡೆಯ ಒಬ್ಬ ಮೀನು ಮಾರಲು ಬಂದವನು ಅವನನ್ನು ಪಕ್ಕಕ್ಕೆ ಕರೆದಿದ್ದ. "ನಿಮ್ಮ ಸತ್ತೋನು ನೀಲಿ ಅಂಗಿ ತೊಟ್ಟಿದ್ನಾ? ನಮ್ಮ ಕಡೆ ಅಂತರಗಂಗೆ ನಡುವೆ ನೀಲಿದೇನೋ ತೇಲ್ತಾ ಇತ್ತು. ದೂರದಿಂದ ನೋಡಿದ್ದು." "ಡ್ರಮ್ಮಿರ್ಬೇಕು," ಎಂದಿದ್ದ ಒಗ್ವೆನೊ. ತಡೆಯಿಲ್ಲದೆ ಬಂದಿತ್ತು ಆ ಮಾತು. ಕಾಯಿ ಮಣ್ಣಾಗಿತ್ತು, ಒಬ್ಬ ಮನುಷ್ಯನಿಗೆ ಎರಡು ಗೋರಿ ಇಲ್ಲ. ಮಣ್ಣಾದವನು ನೀರಲ್ಲಿ ತೇಲುವಂತಿಲ್ಲ. "ಇರ್ಬಹುದು, ಡ್ರಮ್ಮೇ ಇರ್ಬಹುದು," ಎಂದು ಆ ಮನುಷ್ಯ ಹೊರಟುಹೋದ. ಒಗ್ವೆನೊ ಹೋಗಿ ನೋಡಲಿಲ್ಲ. ಅವತ್ತು ಅಣ್ಣ ಯಾವ ಅಂಗಿ ತೊಟ್ಟಿದ್ದನೆಂದು ನೆನಪಿಲ್ಲ ಎಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದ, ಹೇಳಿ ಹೇಳಿ ಅದು ನಿಜವೇ ಆಗಿತ್ತು.

ಅಪೊಂದಿ ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದಳು. ಅವನನ್ನು ಕಂಡು ಎದ್ದು ಮಣೆ ಹಾಕಿದಳು, ಒಳಗಿಂದ ಅಂಬಲಿ ತಂದಳು. ನೀರು ಅಂಗಳದ ಅಂಚಿಗೆ ಬಂದಿತ್ತು. ಮಾತಿನ ನಡುವೆ ಅದು ಚಪ್ ಚಪ್ ಎನ್ನುತ್ತಿತ್ತು. ಗೋರಿಯ ಮಣ್ಣು ಕುಸಿದು ಎಂದೋ ನೆಲಕ್ಕೆ ಸಮವಾಗಿತ್ತು, ಆದರೆ ಅದರ ನಡುವಿನಿಂದ ಎದ್ದ ಮರ ಈಗ ಮನೆಯ ಸೂರು ದಾಟಿತ್ತು. ಹೂತ ಕಾಯಿ ಕೊಳೆತು ಅದರ ಬೀಜ ಮೊಳೆತದ್ದು. ಹಾಗೆ ಆಗುವುದುಂಟು, ಹೆಚ್ಚಿನ ಕಡೆ ಮೇಕೆ ತಿಂದುಬಿಡುತ್ತದೆ. ಇವಳು ಬಿಡಲಿಲ್ಲ. ಮುಳ್ಳು ತಂದು ಬೇಲಿ ಹಾಕಿದಳು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊಯ್ದಳು. ಊರಿನವರು ಮೊದಮೊದಲು ಹೆದರಿದರು, ಆಮೇಲೆ ತಮಾಷೆ ಮಾಡಿದರು, ಆಮೇಲೆ ಅಭ್ಯಾಸವಾಯಿತು.

"ನಾಳೆ ಬುಲ್ಡೋಜರ್ ಬರುತ್ತೆ ಅತ್ತಿಗೆ."

"ರಿಸ್ಪಾ ಕೂಗಿದ್ದು ಕೇಳಿಸ್ತು. ಗಾಳಿ ಈ ಕಡೆಗೇ ಇದೆಯಲ್ಲ." ಅವಳು ಗೆಣಸಿನ ಸಿಪ್ಪೆ ಎಳೆದಳು. "ಕುಡಿ, ಆರಿ ಹೋಗುತ್ತೆ."

"ನಿನ್ನ ಹೊಸ ಮನೆಗೆ ಜಾಗ ಗುರ್ತು ಮಾಡಿಟ್ಟಿದೀನಿ. ನಮ್ಮನೆ ಪಕ್ಕದಲ್ಲೇ. ತಗಡು ನಾನೇ ಹೊತ್ಕೊಂಡು ಹೋಗ್ತೀನಿ. ಕಂಬ ನಾನೇ ನೆಡ್ತೀನಿ."

"ನಾನು ಬರಲ್ಲ ಅಂದಿದೀನಾ? ನನಗೇನು ಈ ನೀರಲ್ಲಿ ಕಪ್ಪೆ ಜೊತೆ ಸಂಸಾರ ಮಾಡೋ ಆಸೇನಾ?" ಎಂದಳು. ದನಿಯಲ್ಲಿ ಜಗಳವಿರಲಿಲ್ಲ. "ಅವನನ್ನ ಬಿಟ್ಟು ಹೆಂಗೆ ಬರಲಿ? ಗಂಡನ ಗೋರಿ ಇಲ್ದಿರೋ ಅಂಗಳದಲ್ಲಿ ವಿಧವೆ ಒಲೆ ಹಚ್ತಾಳಾ? ಅಗೆದು ತಗೊಂಡು ಹೋಗೋಣ ಅಂದ್ರೆ ಕೆಳಗಡೆ ಏನಿದೆ, ಬರೀ ಬೇರು. ಅಲ್ಲಿದ್ದೋನು ಈಗ ಮೇಲಿದಾನೆ. ಬಾ ಇಲ್ಲಿ, ನೋಡು."

ಅವಳು ಕೈ ಒರೆಸಿಕೊಂಡು ಮರದ ಹತ್ತಿರ ಹೋದಳು, ಅವನೂ ಹೋದ. ಉದ್ದನೆಯ ದಾರಗಳಂಥ ತೊಟ್ಟುಗಳಲ್ಲಿ ಕಡುಗೆಂಪು ಹೂಗಳು ಇಳಿಬಿದ್ದಿದ್ದವು, ಕೆಲವು ಬಾಡಿ ನೆಲದ ಮೇಲಿದ್ದವು. ಮರ ಹೂ ಬಿಟ್ಟದ್ದು ಇದೇ ಮೊದಲು. ಅವಳು ಒಂದು ತೊಟ್ಟನ್ನು ಮೆಲ್ಲಗೆ ಎರಡು ಬೆರಳಲ್ಲಿ ಎತ್ತಿದಳು. ಅದರ ತುದಿಯಲ್ಲಿ ಹೂವಿರಲಿಲ್ಲ. ಬೆರಳುದ್ದದ ಹಸಿರು ಕಾಯಿ ಇತ್ತು.

"ಒಂದೇ ಒಂದು ನಿಂತಿದೆ," ಎಂದಳು. ಅವಳ ಮುಖದಲ್ಲಿ ಒಗ್ವೆನೊ ಹಿಂದೆಂದೂ ಕಾಣದ ಒಂದು ನಾಚಿಕೆ ಇತ್ತು, ಬಸುರಿನ ಸುದ್ದಿ ಹೇಳುವವಳಿಗೆ ಇರುವಂಥದು. "ಇದು ತುಂಬ್ಕೊಳ್ಳಲಿ. ಬಲೀಲಿ. ಆಮೇಲೆ ಕಿತ್ಕೊಂಡು, ಬಟ್ಟೆ ಸುತ್ತಿ, ನಾನೇ ಎತ್ಕೊಂಡು ಬರ್ತೀನಿ. ಅಲ್ಲಿ ಮಣ್ಣು ಮಾಡೋಣ. ಆಮೇಲೆ ನಿನ್ನ ಬುಲ್ಡೋಜರ್ ಈ ಮರಾನ ಏನು ಬೇಕಾದ್ರೂ ಮಾಡಲಿ, ನಾನು ತಿರುಗಿ ನೋಡಲ್ಲ."

"ಎಷ್ಟು ದಿನ ಆಗುತ್ತೆ ಅದಕ್ಕೆ?"

"ನನಗೇನು ಗೊತ್ತು? ಅದೇನು ಕ್ಯಾಲೆಂಡರ್ ನೋಡ್ಕೊಂಡು ಬಲಿಯುತ್ತಾ? ಮಳೆ ಮುಗಿಯೋವರೆಗೆ ಬೇಕೇನೋ."

"ಮಳೇಲಿ ಈ ಸಂದಿಯಿಂದ ನೀರು ನುಗ್ಗಿದ್ರೆ ಬಾವಿ ಹೋಗುತ್ತೆ ಅತ್ತಿಗೆ. ಮಕ್ಕಳು ಕುಡಿಯೋ ಬಾವಿ."

"ಅದೂ ಗೊತ್ತು," ಎಂದಳು ಅಪೊಂದಿ. ಗೊತ್ತಿಲ್ಲದವಳ ಹಟವಾಗಿದ್ದರೆ ಅವನು ಜಗಳ ಮಾಡಬಹುದಿತ್ತು. ಅವಳು ಬೇಲಿಯ ಮುಳ್ಳಿಗೆ ಕಟ್ಟಿದ್ದ ಚಿಂದಿಗಳನ್ನು ಒಂದೊಂದಾಗಿ ಸರಿಪಡಿಸತೊಡಗಿದಳು. ಮೇಕೆ ಹೆದರಲೆಂದು ಕಟ್ಟಿದ್ದು. ಬಿಸಿಲಿಗೆ ಬಣ್ಣ ಹೋದ ಒಂದು ಪಂಚೆಯ ತುಂಡು, ಒಂದು ಪ್ಯಾಂಟಿನ ಕಾಲು, ಪಟ್ಟೆಯಂಗಿಯ ಒಂದು ತೋಳು.

"ಅವನ ಬಟ್ಟೆ ಎಲ್ಲ ಇದಕ್ಕೇ ಮುಗೀತು ನೋಡು," ಎಂದಳು, ಅವನ ಕಡೆ ನೋಡದೆ. "ಬಿಳೀದು ನೀನು ಕಾಯಿಗೆ ಸುತ್ತಿದ್ದು. ನೀಲಿ ಅಂಗಿ ಅವನ ಮೈಮೇಲೇ ಹೋಯ್ತು. ಇದ್ದಿದ್ರೆ ಅದನ್ನೂ ಕಟ್ತಿದ್ದೆ."

ಒಗ್ವೆನೊ ಅಂಬಲಿಯ ಬಟ್ಟಲನ್ನು ಮಣೆಯ ಮೇಲಿಟ್ಟ. ಸರಿ, ಹೊರಡ್ತೀನಿ ಎಂದ. ಅಂಬಲಿ ಮುಗಿಸು ಎಂದಳು. ಹೊಟ್ಟೆ ತುಂಬಿದೆ ಎಂದ. ಕಳ್ಳಿಬೇಲಿ ದಾಟುವವರೆಗೆ ನಡೆದ, ದಾಟಿದ ಮೇಲೆ ಅದಕ್ಕೆ ಕೈ ಊರಿ ನಿಂತ, ಮುರಿದ ಕಳ್ಳಿಯ ಹಾಲು ಅಂಗೈಗೆ ಅಂಟಿತು. ಅವಳಿಗೆ ಗೊತ್ತೇ? ಎದುರು ದಂಡೆಯವನು ಅವಳಿಗೂ ಹೇಳಿದ್ದನೇ? ಇಲ್ಲ, ಬಟ್ಟೆಯ ಮಾತು ಬಂದಿತು, ಬಟ್ಟೆಯ ಮಾತು ಆಡಿದಳು, ಅಷ್ಟೇ. ಅಷ್ಟೇ ಎಂದು ಅವನಿಗೆ ಅವನೇ ಹೇಳಿಕೊಳ್ಳುವ ಆ ದನಿಯ ಗುರುತು ಅವನಿಗೆ ಚೆನ್ನಾಗಿತ್ತು. ಡ್ರಮ್ಮಿರ್ಬೇಕು ಎಂದದ್ದೂ ಅದೇ ದನಿ.

ಮಧ್ಯಾಹ್ನ ಯೂನಿಯಾ ಮುದ್ದೆ ಬಡಿಸಿದಳು, ಹುರಿದ ಸಣ್ಣ ಮೀನು ಹಾಕಿದಳು, ಎದುರಿಗೇ ಕುಳಿತಳು. ಹಾಗೆ ಕುಳಿತಳೆಂದರೆ ಮಾತಿದೆಯೆಂದು ಅರ್ಥ.

"ಡೋರ್ಕಾಳಪ್ಪ, ಒಂದು ಮಾತು ಕೇಳ್ತೀನಿ. ಅವಳಿಗೆ ನೀವು ಯಾಕೆ ಅಷ್ಟು ಹೆದರ್ತೀರಿ?"

"ಹೆದರಿಕೆ ಏನು ಬಂತು."

"ರಿಸ್ಪಾ ಮನೆ ತಗಡು ಬಿಚ್ಚಿಸೋವಾಗ ನಿಮ್ಮ ಬಾಯಿ ಎಷ್ಟು ಜೋರಿತ್ತು. ಅವಳ ಮುಂದೆ ಹೋದ್ರೆ ಅಂಬಲಿ ಕುಡಿದು ಬರ್ತೀರಿ. ಊರಿನೋರು ಏನೇನು ಆಡ್ಕೋತಾರೆ ಗೊತ್ತಾ? ನನಗೆ ಆ ಸಂಶಯ ಇಲ್ಲ ಬಿಡಿ, ನಿಮ್ಮ ಯೋಗ್ಯತೆ ನನಗೆ ಗೊತ್ತು." ಅವಳು ನಗಲು ನೋಡಿದಳು, ಆಗಲಿಲ್ಲ. "ನಮ್ಮ ಬಾವೀಲಿ ಹುಳ ಬಿದ್ರೆ, ಮಕ್ಕಳು ವಾಂತಿ ಮಾಡ್ಕೊಂಡ್ರೆ, ಆವಾಗ್ಲೂ ಆ ಮರ ಹೂ ಬಿಡ್ತಾ ನಿಂತಿರ್ಬೇಕಾ? ಸತ್ತೋರಿಗೆ ನಾವು ಎಷ್ಟು ಅಂತ ಕೊಡೋದು?"

ಅವಳು ಹೇಳಿದ್ದು ಸರಿಯಾಗಿತ್ತು. ಅಪೊಂದಿ ಹೇಳಿದ್ದೂ ಸರಿಯಾಗಿತ್ತು, ಮಿಸ್ ಚೆಲಗತ್ ಹೇಳಿದ್ದೂ. ಎಲ್ಲರೂ ಸರಿಯಾಗಿರುವ ಕಡೆ ಇರಬಾರದವನು ತಾನೊಬ್ಬನೇ ಎಂದು ಒಗ್ವೆನೊಗೆ ಅನಿಸಿತು, ಅನಿಸಿ ತುಂಬ ಆಯಾಸವಾಯಿತು. ಅಲ್ಲೇ ಮುದ್ದೆಯ ತಟ್ಟೆಯ ಪಕ್ಕ ಮಲಗಿ ನಿದ್ದೆ ಹೋಗಿ, ಎದ್ದಾಗ ಎಲ್ಲ ಮುಗಿದಿದ್ದರೆ! ಕೈ ತೊಳೆಯುವಾಗ ಅವನಿಗೆ ಆ ಉಪಾಯ ಹೊಳೆಯಿತು. ಎಷ್ಟು ಸುಲಭದ ಉಪಾಯವೆಂದರೆ ಇಷ್ಟು ದಿನ ಹೊಳೆಯದಿದ್ದುದಕ್ಕೆ ತನ್ನ ತಲೆಯನ್ನೇ ಬೈದುಕೊಂಡ. ಕಾಯಿ ತಾನೇ ಬೇಕಾದದ್ದು? ಅವಳ ಮರ ಹುಟ್ಟಿದ್ದು ಗುಡ್ಡದ ಮೇಲಿನ ಮರದ ಕಾಯಿಂದ. ತಾಯಿಮರ ಅಲ್ಲೇ ಇದೆ, ಬಲಿತ ಕಾಯಿ ತೂಗುತ್ತಾ ನಿಂತಿದೆ. ಇವತ್ತೇ ತಂದು, ಇವತ್ತೇ ಸುತ್ತಿ, ಸಂಜೆಯೊಳಗೆ ಹೊಸ ಅಂಗಳದಲ್ಲಿ ಮಣ್ಣು ಮಾಡಿದರೆ ನಾಳೆ ಬುಲ್ಡೋಜರ್ ಬರಲಿ, ಬಾವಿ ಉಳಿಯಲಿ, ಜೊಂಡಿನ ಗಡ್ಡೆ ಬದುಕಲಿ. ಅವನು ಸೂರಿನಡಿಯಿಂದ ಕೊಕ್ಕೆ ಕಟ್ಟಿದ ಗಳ ತೆಗೆದುಕೊಂಡು ಹೊರಟ. "ಎಲ್ಲಿಗೆ?" ಎಂದಳು ಯೂನಿಯಾ. ಬಂದೆ ಎಂದ.

ಗುಡ್ಡ ಹತ್ತುವಾಗ ಮೊಣಕಾಲು ನೋಯಿತು. ಆಗ ನೋಯುತ್ತಿರಲಿಲ್ಲ. ಚರ್ಚಿನ ಹಿಂದೆ ಯಾರೂ ಇರಲಿಲ್ಲ; ಮರದಡಿ ಒಣಗಿದ ಹೂ ಕೊಳೆತು ಹುಳಿವಾಸನೆ ಹೊಡೆಯುತ್ತಿತ್ತು. ಕೊಂಬೆಗಳಿಂದ ಒನಕೆಗಾತ್ರದ ಕಾಯಿಗಳು ತೂಗುತ್ತಿದ್ದವು, ಯಾರ ಹೆಸರೂ ಇಲ್ಲದೆ. ಅವನು ಕೊಕ್ಕೆ ಹಾಕಿ ಎಳೆದ. ಕಾಯಿ ದೊಪ್ಪನೆ ಬಿದ್ದು ನೆಲ ಅದುರಿತು. ಭುಜಕ್ಕೇರಿಸಿದಾಗ ಆ ತೂಕ ಅವನಿಗೆ ಗುರುತಾಯಿತು, ಮಲಗಿದ ಮಗುವನ್ನು ಎತ್ತಿದ ತೂಕ. ಭುಜದ ಅದೇ ಜಾಗ. ಇಳಿಯುವಾಗ ಅವನು ನೋವನ್ನು ಲೆಕ್ಕಿಸದೆ ಬೇಗಬೇಗ ಇಳಿದ.

ದಂಡೆಯ ಹೆಂಗಸರು ದೂರದಿಂದ ಅವನನ್ನು ಕಂಡರು. ಒಬ್ಬಳು ಎದ್ದು ನಿಂತಳು, ಆಮೇಲೆ ಎಲ್ಲರೂ ಎದ್ದರು. ಭುಜದ ಮೇಲೆ ಆನೆತೊರಡಿನ ಕಾಯಿ ಹೊತ್ತು ಗುಡ್ಡ ಇಳಿದು ಬರುವ ಗಂಡಸೆಂದರೆ ಏನೆಂದು ಈ ದಂಡೆಯಲ್ಲಿ ಹಸುಗೂಸಿಗೂ ಗೊತ್ತು. ಬೆಳಿಗ್ಗೆ ಅಷ್ಟು ಮಾತಾಡಿದ ರಿಸ್ಪಾಳ ಕೈ ತಲೆಯ ಮೇಲೆ ಹೋಗಿತ್ತು. ಅವಳ ಮಗ ನಸುಕಿನಲ್ಲೇ ನೀರಿಗಿಳಿದವನು ಇನ್ನೂ ಬಂದಿರಲಿಲ್ಲ.

"ಯಾರು?" ಎಂದಳು. "ಒಗ್ವೆನೊ, ಯಾರು ಹೋದ್ರು?"

"ಯಾರೂ ಇಲ್ಲ, ಯಾರೂ ಇಲ್ಲ," ಎಂದ ಒಗ್ವೆನೊ, ನಿಲ್ಲದೆ.

ರಿಸ್ಪಾ ಕುಸಿದು ಕುಳಿತಳು. ಆಮೇಲೆ ಅವನ ಬೆನ್ನಿಗೆ ಅವಳು ಬೈದ ಬೈಗುಳ ಅಪೊಂದಿಯ ಕಳ್ಳಿಬೇಲಿಯವರೆಗೂ ಅವನ ಜೊತೆ ಬಂದಿತು. ಮನುಷ್ಯನೇ ಇಲ್ಲದ ಕಾಯಿ ಹೊತ್ತು ಊರಲ್ಲಿ ತಿರುಗುವವನ ವಂಶ ಹಾಳಾಗಲಿ ಎಂದು. ಆ ಬೈಗುಳ ನ್ಯಾಯವಾದದ್ದು ಎಂದುಕೊಂಡ.

ಅಪೊಂದಿ ಬಾಗಿಲಲ್ಲಿ ನಿಂತಿದ್ದಳು. ಅವತ್ತೂ ಅಲ್ಲೇ ನಿಂತಿದ್ದಳು. ಅವನು ಕಾಯಿಯನ್ನು ಇಳಿಸಲಿಲ್ಲ, ಏದುಸಿರಿನಲ್ಲೇ ಹೇಳಿದ: ತಾಯಿಮರದ್ದು, ಬಲಿತದ್ದು, ಇವತ್ತೇ ಮುಗಿಸಬಹುದು, ಗುಂಡಿ ತಾನೇ ತೋಡುತ್ತೇನೆ, ಅಳುವವರನ್ನು ಕರೆಸುತ್ತೇನೆ. ಅವಳು ಕೇಳಿಸಿಕೊಂಡಳು. ಹತ್ತಿರ ಬಂದು ಎರಡೂ ಕೈ ಚಾಚಿದಳು, ಅವನು ಕಾಯಿಯನ್ನು ಅವಳ ತೋಳಿಗೆ ಕೊಟ್ಟ. ಅದರ ಭಾರಕ್ಕೆ ಅವಳು ಸ್ವಲ್ಪ ಬಾಗಿದಳು. ಅದರ ಬೂದುಬಣ್ಣದ ಒರಟು ಸಿಪ್ಪೆಯ ಮೇಲೆ ಹೆಬ್ಬೆರಳು ಸವರಿದಳು, ಗುರುತು ಹಿಡಿಯುವವಳಂತೆ ತುದಿಯಿಂದ ತುದಿಗೆ ನೋಡಿದಳು.

"ಇದು ಯಾರು?" ಎಂದಳು.

ಅವನು ಬಾಯಿ ತೆರೆದ. ಅಣ್ಣ ಎನ್ನಬೇಕಿತ್ತು, ಅಷ್ಟೇ, ಎರಡಕ್ಷರ. ಈ ಹಿಂದೆ ಒಮ್ಮೆ ಇದೇ ಅಂಗಳದಲ್ಲಿ ಊರೆಲ್ಲ ಕೇಳುವಂತೆ ಅಂದಿದ್ದ. ಈಗ ಖಾಲಿಯಾದ ಭುಜ ಒರೆಸಿಕೊಂಡ.

"ಅವತ್ತೂ ಕೇಳ್ಬೇಕಿತ್ತು ನಾನು," ಎಂದಳು ಅಪೊಂದಿ. "ನೀನು ಹೊತ್ಕೊಂಡು ಬಂದೆ, ನಾನು ಅಂಗಿ ತಂದ್ಕೊಟ್ಟೆ. ಕೇಳ್ಲಿಲ್ಲ. ನನ್ನ ಹೆಣ್ಣುಮಕ್ಕಳು ಆವಾಗ ಚಿಕ್ಕೋರು, ಅವ್ರೂ ಹಸಿದಿದ್ರು ಕಣಪ್ಪ. ಇವನು ಸಿಗೋವರೆಗೆ ಒಲೆ ಹಚ್ಚೋ ಹಾಗಿಲ್ಲ, ಸಿಗದೇ ಇದ್ರೂ ಸರಿ, ಇದು ಮುಗಿದ್ರೆ ಸಾಕು ಅಂತ ಅನ್ಕೊಂಡೆ. ಅಂದ್ಕೊಂಡಿದ್ದು ನಾನೇ. ನೀನೊಬ್ಬನೇ ಅಲ್ಲ." ಅವಳು ಕಾಯಿಯನ್ನು ಗೋಡೆಗೆ ಒರಗಿಸಿಟ್ಟಳು, ಬೀಳದ ಹಾಗೆ ಒಂದು ಕಲ್ಲು ಒತ್ತಿಟ್ಟಳು. "ಅದಕ್ಕೇ ಈ ಸಲ ಅವಸರ ಬೇಡ. ಒಂದು ಸಲ ಅವಸರ ಮಾಡಿದ್ದು ಸಾಕು. ಕೂತ್ಕೊ, ಭುಜ ನೋಯ್ತಿರ್ಬೇಕು."

ಅವನು ಕುಳಿತ. ನೀಲಿ ಅಂಗಿಯ ಮಾತು ಅವನು ಎತ್ತಲಿಲ್ಲ, ಅವಳು ಕೇಳಲೂ ಇಲ್ಲ. ಇಬ್ಬರೂ ಮರದ ಕಡೆ ನೋಡುತ್ತಾ ಕುಳಿತರು. ಕತ್ತಲಾಗುವ ಮೊದಲು ಅವನು ಎದ್ದು ಮನೆಗೆ ಹೋದ, ಹೋಗಿ ಯಾರ ಜೊತೆಗೂ ಮಾತಾಡದೆ ಗೋಡೆ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಬುಲ್ಡೋಜರ್ ಬಂದಾಗ ಒಗ್ವೆನೊ ಮರದ ಬುಡದಲ್ಲಿ, ಗೋರಿಯಿದ್ದ ಜಾಗದಲ್ಲಿ, ನೀರಿನ ಕಡೆ ಬೆನ್ನು ಮಾಡಿ ಕುಳಿತಿದ್ದ. ಪ್ರತಿಭಟನೆ ಅನ್ನುವಂಥದ್ದೇನೂ ಅಲ್ಲ. ಕೈಯಲ್ಲಿ ಹಲಗೆಯಿಲ್ಲ, ಬಾಯಲ್ಲಿ ಘೋಷಣೆಯಿಲ್ಲ. ಬೇರೆ ಎಲ್ಲಿ ಕುಳಿತುಕೊಳ್ಳಬೇಕೆಂದು ಅವನಿಗೆ ತಿಳಿದಿರಲಿಲ್ಲ. ಡ್ರೈವರು ಹಾರ್ನು ಹೊಡೆದ, ಇನ್ನೊಮ್ಮೆ ಹೊಡೆದ, ಎಂಜಿನ್ನು ಆಫ್ ಮಾಡಿ ಸಿಗರೇಟು ಹಚ್ಚಿದ. ಹಿಂದಿನ ಜೀಪಿನಿಂದ ಮಿಸ್ ಚೆಲಗತ್ ಇಳಿದು ಬಂದಳು. ಗಂಬೂಟಿನಲ್ಲಿ ಕೆಸರು ತುಳಿದುಕೊಂಡು ಅವನೆದುರು ಬಂದು ಕುಕ್ಕರುಗಾಲಲ್ಲಿ ಕುಳಿತಳು.

"ಮಿಸ್ಟರ್ ಒಗ್ವೆನೊ, ಹೇಳಿ. ಏನು ಮಾಡೋಣ?"

"ಅದು ತುಂಬ್ಕೊಳ್ಳಲಿ ಮೇಡಂ," ಎಂದು ಅವನು ಮೇಲಕ್ಕೆ ಕೈ ತೋರಿಸಿದ. ಅವಳು ತಲೆಯೆತ್ತಿ ನೋಡಿದಳು, ಏನನ್ನು ನೋಡಬೇಕೆಂದು ಅವಳಿಗೆ ಕಾಣಲಿಲ್ಲ.

"ಎಷ್ಟು ದಿನ?"

"ಗೊತ್ತಿಲ್ಲ."

"ಇವತ್ತು ವಾಪಸ್ ಹೋದ್ರೆ ಈ ವರ್ಷ ಮಷೀನು ಮತ್ತೆ ಬರಲ್ಲ. ನೀರು ಒಳಗೆ ಬರುತ್ತೆ. ನಿಮ್ಮವರೇ ನಿಮ್ಮನ್ನ ಬೈತಾರೆ. ನಾನು ಮೇಲೆ ಬರೀಲೇಬೇಕಾಗುತ್ತೆ, ನಿಮ್ಮ ಕೆಲಸ ಉಳಿಯಲ್ಲ."

"ಹೌದು ಮೇಡಂ. ಎಲ್ಲ ಹೌದು." ಅವಳ ಬಗ್ಗೆ ಅವನಿಗೆ ಮರುಕವೆನಿಸಿತು. "ಗುದ್ದಲಿ ಹಿಡಿದು ಬದು ಹಾಕ್ತೀನಿ, ಈ ಮರದ ಹಿಂದುಗಡೆ. ಎಷ್ಟಾಗುತ್ತೋ ಅಷ್ಟು. ಸಾಲಲ್ಲ, ನನಗೂ ಗೊತ್ತು."

ಹೆಂಗಸರು ಬಂದಿದ್ದರು. ಒಣಗುತ್ತಿರುವ ಗಡ್ಡೆಯ ಚೀಲಗಳನ್ನು ಎಳೆದು ತಂದು ಕೆಂಪು ಗೂಟದ ಈಚೆ, ಊರಿನ ಕಡೆ, ಸಾಲಾಗಿ ನಿಂತಿದ್ದರು. ರಿಸ್ಪಾ ಇದ್ದಳು, ಇವತ್ತು ಅವಳು ಬೈಯಲಿಲ್ಲ, ಅದು ಬೈಗುಳಕ್ಕಿಂತ ಭಾರವಾಗಿತ್ತು. ಗಂಡಸರೂ ಒಬ್ಬೊಬ್ಬರಾಗಿ ದೋಣಿ ಬಿಟ್ಟು ಬಂದರು. ಅಪೊಂದಿ ಬಾಗಿಲಲ್ಲಿದ್ದಳು. ಒಬ್ಬ ಕಾಲ ಬೆರಳಿನಿಂದ ಕೆಸರು ಕೆದಕುತ್ತಿದ್ದ, ಇನ್ನೊಬ್ಬ ಕೆಮ್ಮಿದ. ಯೂನಿಯಾ ಗುಂಪಿನಿಂದ ಹೊರಬಂದು ಗೂಟ ದಾಟಿ ಅವನ ಹತ್ತಿರ ಬಗ್ಗಿದಳು. ಅವಳ ಕಣ್ಣು ಕೆಂಪಾಗಿತ್ತು.

"ಏಳಿ, ಡೋರ್ಕಾಳಪ್ಪ," ಎಂದಳು ಮೆಲ್ಲಗೆ. "ದಮ್ಮಯ್ಯ ಏಳಿ. ಎಲ್ಲರೂ ನೋಡ್ತಾ ಇದಾರೆ."

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನ ತಲೆಯ ಮೇಲೆ ಆ ಕಾಯಿ, ಬೆರಳುದ್ದದ್ದು, ಗಾಳಿಗೆ ತೂಗುತ್ತಿತ್ತು. ಈ ಸಲ ಅವನು ಏಳಲಿಲ್ಲ.